ಬಿಸಿಎಂ ಹೋಗಿದೆ ಅಂದ್ರಾ? ಸ್ವಲ್ಪ ತಾಳಿ

ಮಳೆ ಇಲ್ಲ, ವೈಪರ್ ಓಡ್ತಿದೆ. ಲಾಕ್ ಒತ್ತಿದ್ರೆ ಒಂದು ಬಾಗಿಲು ಕೇಳೋದೇ ಇಲ್ಲ. ಬೆಳಿಗ್ಗೆ ನೋಡಿದ್ರೆ ಬ್ಯಾಟರಿ ಡೌನ್. ಗ್ಯಾರೇಜಲ್ಲಿ ಒಂದೇ ಮಾತು: "ಬಿಸಿಎಂ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು."

ಬಿಸಿಎಂ ಅಂದ್ರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಲೈಟು, ಲಾಕು, ವೈಪರು, ಪವರ್ ವಿಂಡೋ ಎಲ್ಲಕ್ಕೂ ಅದೇ ಯಜಮಾನ. ದುಬಾರಿ ಡಬ್ಬಿ, ಅವಸರ ಬೇಡ.

ಮೊದಲು ಬ್ಯಾಟರಿ ಅಳೀರಿ. ಗಾಡಿ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರ್ಬೇಕು. ತೀರಾ ಕಡಿಮೆಯಾದ್ರೆ ಒಳ್ಳೇ ಮಾಡ್ಯೂಲೂ ತಿಕ್ಕಲು ತಿಕ್ಕಲಾಗಿ ಆಡುತ್ತೆ. ಆಮೇಲೆ ಫ್ಯೂಸು, ಅರ್ಥ್ ವೈರು. ನಂತರ ಬ್ಯಾಟರಿ ನೆಗೆಟಿವ್ ಕಳಚಿ, ಬಿಸಿಎಂ ಕನೆಕ್ಟರ್ ಬಿಚ್ಚಿ. ಪಿನ್ ಮೇಲೆ ಹಸಿರು ಕಿಲುಬಾ? ನೀರು ಇಳಿದಿದೆ. ಎಷ್ಟೋ ಸಲ ಮುಂದಿನ ಗಾಜಿನ ಬುಡದಲ್ಲಿ ಎಲೆ ಕಟ್ಕೊಂಡು, ನೀರು ಒಳಗೆ ಬಂದಿರುತ್ತೆ. ಆ ದಾರಿ ಮುಚ್ಚದೆ ಹೊಸ ಡಬ್ಬಿ ಹಾಕಿದ್ರೆ ಅದೂ ಗೋವಿಂದ.

ಇಷ್ಟಾದ್ಮೇಲೆ ಸ್ಕ್ಯಾನ್ ಮಾಡಿ. ಅಗ್ಗದ ಸ್ಕ್ಯಾನರ್ ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತೆ. ಬಿಸಿಎಂ ಓದೋ ಸ್ಕ್ಯಾನರ್ ಬೇಕು. ಕರೆಂಟು, ಅರ್ಥ್ ಸರಿಯಿದೆ, ಸ್ವಿಚ್ ಸಿಗ್ನಲ್ ಒಳಗೆ ಬರ್ತಿದೆ, ಹೊರಗೆ ಮಾತ್ರ ಏನೂ ಹೋಗ್ತಿಲ್ಲ ಅಂದ್ರೆ ಮಾಡ್ಯೂಲ್ ಮೇಲೇ ಅನುಮಾನ.

ಬದಲಾಯಿಸೋದು ಬರೀ ಬೋಲ್ಟ್ ಕೆಲಸ ಅಲ್ಲ. ಹೊಸದಕ್ಕೆ ನಿಮ್ಮ ಗಾಡಿಯ ಕೋಡಿಂಗ್ ಆಗ್ಬೇಕು, ಹಲವು ಕಾರಲ್ಲಿ ಕೀನೂ ಪ್ರೋಗ್ರಾಮ್ ಮಾಡ್ಬೇಕು. ಗುಜರಿ ಡಬ್ಬಿ ಹಾಕಿದ್ರೆ ಕೆಲವು ಗಾಡಿ ಸ್ಟಾರ್ಟೇ ಆಗಲ್ಲ. ದುಡ್ಡು ಕೊಡೋ ಮುಂಚೆ ಎರಡೂ ಕೀ ಹಾಕಿ ಸ್ಟಾರ್ಟ್ ಮಾಡಿ ನೋಡಿ.