ತೆಂಗಿನ ಚಿಪ್ಪು, ಥರ್ಮಾಕೋಲ್ ಮತ್ತು ಗ್ಲೂ ಗನ್
ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ತೋಟಗಳಲ್ಲಿ ಧಾರಾಳವಾಗಿ ದೊರೆಯುವ ತೆಂಗಿನ ಚಿಪ್ಪಿನಿಂದ ಅಲಂಕಾರದ ವಸ್ತು ಮಾಡುವವರಿಗೂ, ಶಾಲಾ ಪ್ರದರ್ಶನಕ್ಕೆ ಥರ್ಮಾಕೋಲಿನಲ್ಲಿ ಚಿತ್ರದುರ್ಗದ ಕೋಟೆಯನ್ನು ಕಟ್ಟುವ ಮಕ್ಕಳಿಗೂ ಗ್ಲೂ ಗನ್ ಒದಗಿಬರುವುದಾದರೂ, ಇಬ್ಬರಿಗೂ ಒಂದೇ ಬಗೆಯದು ಹೊಂದುವುದಿಲ್ಲ. ಬಿಸಿಗೆ ಕರಗಿ ತಣಿದೊಡನೆ ಗಟ್ಟಿಯಾಗುವ ಪ್ಲಾಸ್ಟಿಕ್ ಜಾತಿಯ ಅಂಟುಕಡ್ಡಿಯನ್ನು ವಿದ್ಯುತ್ತಿನಿಂದ ಕಾಯಿಸಿ ಮೂತಿಯಿಂದ ಹೊರದೂಡುವ ಈ ಸಾಧನದಲ್ಲಿ, ಸುಮಾರು 190 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಬಗೆಯು ಚಿಪ್ಪು, ಮರಗಳನ್ನು ಬಿಗಿಯಾಗಿ ಹಿಡಿದರೆ, 120 ಡಿಗ್ರಿಯ ಆಸುಪಾಸಿನದು ಬೇಗ ಕರಗಿಹೋಗುವ ಥರ್ಮಾಕೋಲಿಗೆ ತಕ್ಕುದು. ಕಡ್ಡಿಗಳು ಸಾಮಾನ್ಯವಾಗಿ 7 ಮತ್ತು 11 ಮಿಲಿಮೀಟರ್ ದಪ್ಪದಲ್ಲಿ ಬರುವುದರಿಂದ ಗನ್ನಿನ ಅಳತೆ ನೋಡಿಯೇ ಕೊಳ್ಳಬೇಕು. ಅಗ್ಗವೆಂಬ ಒಂದೇ ಕಾರಣಕ್ಕೆ ಕೊಳ್ಳುವುದು ಜಾಣತನವಲ್ಲ. ನುಣುಪಾದ ಚಿಪ್ಪಿಗೆ ಅಂಟು ಹಿಡಿಯದು. ಮೊದಲು ಮರಳು ಕಾಗದದಿಂದ ಉಜ್ಜಿ, ಧೂಳು ಒರೆಸಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಈ ಬೆಸುಗೆ ಮೆತ್ತಗಾಗಿ ಬಿಡುವುದುಂಟು.

ಕಾದ ಗನ್ನನ್ನು ಅದರ ಕಾಲಿನ ಮೇಲೆಯೇ ನಿಲ್ಲಿಸಬೇಕು, ಕೆಲಸ ಮುಗಿದೊಡನೆ ಪ್ಲಗ್ ತೆಗೆಯಬೇಕು. ಚರ್ಮಕ್ಕೆ ಅಂಟು ತಗುಲಿದರೆ ಅದನ್ನು ಕಿತ್ತರೆ ಚರ್ಮವೂ ಕಿತ್ತುಬರುವುದರಿಂದ, ಹಾಗೆಯೇ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು, ಬೊಬ್ಬೆ ಎದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳ ಕೈಗೆ ಇದನ್ನು ಕೊಡುವಾಗ ಹಿರಿಯರೊಬ್ಬರು ಪಕ್ಕದಲ್ಲಿರಲಿ.