ಹಿಮದ ಮೇಲೆ ಕಾಲಿಡುವ ಮುನ್ನ

ಆಲ್ಪ್ಸ್ ಪರ್ವತಶ್ರೇಣಿಯ ಮ್ಯಾಟರ್‌ಹಾರ್ನ್ ಶಿಖರವು 4478 ಮೀಟರು ಎತ್ತರವಾಗಿದೆ. ಅದರ ಪೂರ್ವ ಮತ್ತು ಉತ್ತರ ಮುಖಗಳು ಕೂಡುವ ಕಡಿದಾದ ಏಣಿಗೆ ಹರ್ನ್‌ಲಿ ಎಂದು ಹೆಸರು. 1865ರ ಜುಲೈ 14ರಂದು ಏಳು ಜನರು ಈ ಏಣನ್ನು ಹಿಡಿದು ಶಿಖರವನ್ನು ಮೊತ್ತಮೊದಲು ಏರಿದರು. ಇಳಿಯುವಾಗ ಒಬ್ಬನ ಕಾಲು ಜಾರಿ, ಹಗ್ಗ ಹರಿದು, ನಾಲ್ವರು ಮಡಿದರು.

ನಡುಬೇಸಗೆಯಲ್ಲಿ ಈ ಏಣು ಬಹುಮಟ್ಟಿಗೆ ಬರಿಯ ಬಂಡೆ. ಜೂನ್ ತಿಂಗಳಿನಲ್ಲಾದರೋ ಅದರ ಮೇಲೆ ಚಳಿಗಾಲದ ಹಿಮ ಇನ್ನೂ ಉಳಿದಿರುವುದುಂಟು. ಆ ಹಿಮವು ಹಿಂದಿನ ರಾತ್ರಿ ಹೆಪ್ಪುಗಟ್ಟಿದೆಯೇ ಎಂಬುದನ್ನು ಆರೋಹಿಯು ಮೊದಲು ತಿಳಿಯಬೇಕು.

ಹಗಲಿನ ಬಿಸಿಲಿಗೆ ಹಿಮ ಕರಗಿ, ಕಣಗಳ ನಡುವಣ ಬೆಸುಗೆ ಸಡಿಲಗೊಳ್ಳುತ್ತದೆ. ಇರುಳಿನಲ್ಲಿ ಆ ನೀರು ಮತ್ತೆ ಗಟ್ಟಿಯಾಗಿ ಕಣಗಳನ್ನು ಬಿಗಿಯುತ್ತದೆ. ಆಕಾಶವು ನಿರ್ಮಲವಾಗಿದ್ದರೆ ಹಿಮವು ವಿಕಿರಣದ ಮೂಲಕ ಶಾಖವನ್ನು ಕಳೆದುಕೊಂಡು, ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಹೆಚ್ಚಿದ್ದಾಗಲೂ ಹೆಪ್ಪುಗಟ್ಟಬಲ್ಲುದು. ಮೋಡ ಕವಿದಾಗ, ಮೋಡಗಳು ಶಾಖವನ್ನು ಹಿಂದಕ್ಕೆ ಸೂಸುವುದರಿಂದ, ಮೇಲೆ ತೆಳುವಾದ ಕೆನೆ ಕಟ್ಟಿದರೂ ಒಳಗಿನ ಹಿಮ ಮೆತ್ತಗೇ ಉಳಿಯುತ್ತದೆ.

ಪರೀಕ್ಷೆ ಸರಳವಾದುದು. ಬೆಳಕು ಹರಿಯುವ ಮುನ್ನ ಬೂಟಿನಿಂದ ಹಿಮವನ್ನು ಬಲವಾಗಿ ಒತ್ತಿ ನೋಡಬೇಕು. ಮೇಲ್ಪದರವು ಭಾರ ತಾಳದೆ ಕಾಲು ಮೊಣಕಾಲಿನವರೆಗೆ ಹೂತರೆ ಹಿಂದಿರುಗುವುದೇ ಲೇಸು.

ಹಿಮ ಗಟ್ಟಿಯಾಗಿದ್ದರೂ ಹೊತ್ತಿನ ಲೆಕ್ಕ ತಪ್ಪಬಾರದು. ಪೂರ್ವದ ಮುಖಕ್ಕೆ ಸೂರ್ಯೋದಯದಲ್ಲೇ ಬಿಸಿಲು ತಾಗುತ್ತದೆ. ಏರುವಾಗ ಕಲ್ಲಿನಂತಿದ್ದ ಹಿಮವು ಇಳಿಯುವ ಹೊತ್ತಿಗೆ ನೀರೂಡಿ, ಬಂಡೆಯ ಮೇಲಿನಿಂದ ಆರೋಹಿಯನ್ನೂ ಹೊತ್ತು ಜಾರಬಹುದು. ಆದುದರಿಂದ ಹೊರಡುವ ಮೊದಲೇ ಹಿಂದಿರುಗುವ ಗಳಿಗೆಯನ್ನೂ ನಿಶ್ಚಯಿಸಿಕೊಳ್ಳುವುದು ಅವಶ್ಯ.