ಕಳಿಸಿದ ಹಣ ದಾರಿಯಲ್ಲೇ ಉಳಿದಾಗ

ಜೂನ್–ಜುಲೈ ಬಂತೆಂದರೆ ಮಕ್ಕಳನ್ನು ಪರಊರಿನಲ್ಲಿ ಓದಿಸುವ ತಂದೆ ತಾಯಿಯರಿಗೆ ಒಂದೇ ಚಿಂತೆ. ಕಾಲೇಜಿನ ಫೀಸು, ಹಾಸ್ಟೆಲಿನ ಮುಂಗಡ, ಪುಸ್ತಕದ ಖರ್ಚು. ಅಡಿಕೆ ಮಾರಿಯೋ ಸೊಸೈಟಿಯಲ್ಲಿ ಸಾಲ ಮಾಡಿಯೋ ಹಣ ಹೊಂದಿಸುವುದು ಒಂದು ಪಾಡಾದರೆ, ಅದನ್ನು ಸಕಾಲಕ್ಕೆ ತಲುಪಿಸುವುದು ಇನ್ನೊಂದು ಪಾಡು.

ನಮ್ಮ ಅಂಚೆ ಕಚೇರಿಗಳಲ್ಲಿ ಮನಿಯಾರ್ಡರ್ ಆರಂಭವಾದದ್ದು 1880ರಲ್ಲಿ. ಹಾಸ್ಟೆಲಿನ ಹುಡುಗರು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದ ಆ ಕಾಲದಲ್ಲಿ ಹಣ ತಡವಾಗುತ್ತಿತ್ತು, ನಿಜ. ಆದರೆ ವಿಚಾರಿಸಲು ಒಂದು ಕಿಟಕಿ, ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಿದ್ದ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಹೋಗದಿದ್ದಾಗ ಯಾರನ್ನು ಕೇಳುವುದು?

ಕಡಿತವಾಯಿತು, ಜಮೆಯಾಗಲಿಲ್ಲ

ತಂದೆಯ ಖಾತೆಯಿಂದ ಹಣ ಕಡಿತವಾದ ಸಂದೇಶ ಬರುತ್ತದೆ. ಮಗಳ ಖಾತೆಗೆ ಬಂದಿರುವುದಿಲ್ಲ. ಗಾಬರಿಯಿಂದ ಅವರು ಮತ್ತೊಮ್ಮೆ ಕಳಿಸುತ್ತಾರೆ. ಸಂಜೆಗೆ ಎರಡೂ ತಲುಪಿಬಿಡುತ್ತವೆ! ಮಗಳಿಗಾದರೆ ಚಿಂತೆಯಿಲ್ಲ, ಕಾಲೇಜಿಗೇ ಎರಡು ಸಲ ಹೋದರೆ ವಾಪಸು ಪಡೆಯಲು ಕಚೇರಿ ಅಲೆಯಬೇಕು.

ಇಂಥ ಹಣ ಮಾಯವಾಗುವುದಿಲ್ಲ. ಇದಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲೇ ಗಡುವು ವಿಧಿಸಿದೆ. ವ್ಯಕ್ತಿಯಿಂದ ವ್ಯಕ್ತಿಯ ಖಾತೆಗೆ ಯುಪಿಐ ಮೂಲಕ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು. ಅಂಗಡಿ, ಸಂಸ್ಥೆಗಳಿಗೆ ಪಾವತಿಸಿದ ಹಣ ಕಡಿತವಾಗಿಯೂ ಅವರಿಗೆ ಖಚಿತವಾಗದಿದ್ದರೆ ಐದು ದಿನದೊಳಗೆ ಹಿಂದಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕ ಕೇಳದಿದ್ದರೂ ಅದನ್ನು ಕೊಡಬೇಕು.

ಈ ಐದು ದಿನಗಳನ್ನು ಪೋಷಕರು ನೆನಪಿಡಬೇಕು. ಬ್ಯಾಂಕಿನ ಗಡುವಿಗೂ ಕಾಲೇಜಿನ ಗಡುವಿಗೂ ಸಂಬಂಧವಿಲ್ಲ. ಹಣ ನಡುದಾರಿಯಲ್ಲಿರುವಾಗ ಫೀಸು ಕಟ್ಟುವ ಕೊನೆಯ ದಿನ ದಾಟಿದರೆ, ದಿನಕ್ಕೆ ನೂರು ರೂಪಾಯಿ ಕೈತಪ್ಪಿದ ಸೀಟನ್ನು ತಂದುಕೊಡದು. ಕನಿಷ್ಠ ಒಂದು ವಾರ ಮೊದಲೇ ಕಟ್ಟುವುದು ಜಾಣತನ.

ಮಿತಿಗಳ ತಕರಾರು

ಯುಪಿಐನಲ್ಲಿ ವ್ಯಕ್ತಿಗೆ ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿ ಮಿತಿ. ಶಿಕ್ಷಣ ಸಂಸ್ಥೆಗೆ ನೇರ ಪಾವತಿಗೆ ಐದು ಲಕ್ಷದವರೆಗೆ ಅವಕಾಶವನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು. ಆದರೆ ನಿಮ್ಮ ಬ್ಯಾಂಕು ಇದಕ್ಕಿಂತ ಕಡಿಮೆ ಮಿತಿ ಇಟ್ಟಿರಬಹುದು. ಹೊಸ ಫೋನಿನಲ್ಲಿ ಮೊದಲ ದಿನ ದೊಡ್ಡ ಮೊತ್ತ ಹೋಗದು. ಹೊಸ ಖಾತೆಯನ್ನು ಪಟ್ಟಿಗೆ ಸೇರಿಸಿದರೂ ಹಲವು ಬ್ಯಾಂಕುಗಳು ಕೆಲವು ಗಂಟೆ ಕಾಯಿಸುತ್ತವೆ. ಇವೆಲ್ಲ ವಂಚನೆ ತಡೆಯುವ ಕ್ರಮಗಳೇ. ಆದರೆ ಕೊನೆಯ ದಿನ ಗೊತ್ತಾದರೆ ಏನು ಪ್ರಯೋಜನ? ದೊಡ್ಡ ಮೊತ್ತಕ್ಕೆ ನೆಫ್ಟ್ ಇದೆ. 2019ರ ಡಿಸೆಂಬರ್‌ನಿಂದ ರಜಾ ದಿನವೂ ಸೇರಿ ಹಗಲು ರಾತ್ರಿ ನಡೆಯುತ್ತದೆ. ಎರಡು ಲಕ್ಷ ಮತ್ತು ಮೇಲ್ಪಟ್ಟ ಮೊತ್ತಕ್ಕೆ ಆರ್‌ಟಿಜಿಎಸ್.

ಹಳೆಯ ಪಾಸ್‌ಬುಕ್, ಹೊಸ ಸಂಕೇತ

ಕನ್ನಡ ನಾಡಿನಲ್ಲಿ ಹುಟ್ಟಿದ ಬ್ಯಾಂಕುಗಳು ವಿಲೀನವಾದವಲ್ಲ, ಅದರ ತೊಡಕು ಇಲ್ಲೂ ಇದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿದವು. ಅವುಗಳ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಸಂಕೇತ ನೋಡಿ ಹಣ ಕಳಿಸಬೇಡಿ. ಹನ್ನೊಂದು ಅಕ್ಷರಗಳ ಈ ಸಂಕೇತದ ಐದನೆಯದು ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ.

ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆಯ ಸಂಖ್ಯೆ ನೋಡಿ. ಹೆಸರು ನೋಡಿ ಅಲ್ಲ. ಒಂದು ಅಂಕಿ ತಪ್ಪಿದರೆ ಅಪರಿಚಿತರ ಪಾಲು. ಅವರು ಒಪ್ಪದೆ ಹಿಂದೆ ಪಡೆಯುವುದು ಕಷ್ಟ. ಕಳಿಸುವ ಮುನ್ನ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಸೂಚಿಸಿತು. ಹೆಸರು ಓದಿದ ಮೇಲೆಯೇ ಮುಂದುವರಿಯಿರಿ.

ದೂರು ಎಲ್ಲಿಗೆ?

ವ್ಯವಹಾರದ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಳೆಯ ರಸೀದಿಯ ಜಾಗದಲ್ಲಿ ಈಗ ಅದೇ ಇರುವುದು. ಮೊದಲು ಆ್ಯಪ್‌ನಲ್ಲೂ ಬ್ಯಾಂಕಿನಲ್ಲೂ ದೂರು ದಾಖಲಿಸಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಗ್ರಾಹಕ ಸೇವೆಯ ನಂಬರನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡಬೇಡಿ. ವಂಚಕರು ಅಲ್ಲೇ ಹೊಂಚು ಹಾಕಿರುತ್ತಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಮೋಸ ಹೋದಿರಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಫೀಸಿನ ನೋಟೀಸು ಹಾಕಿದ ದಿನವೇ ಮನೆಗೆ ತಿಳಿಸಿ. ಮೊತ್ತ, ಕೊನೆಯ ದಿನ, ಖಾತೆಯ ವಿವರಗಳನ್ನು ಬರೆದು ಕಳಿಸಿ. ಹಣ ಬಂದ ಕೂಡಲೇ ‘ಬಂತು’ ಎಂದು ಹೇಳಿ. ಹಾಗೆ ಹೇಳಿದರೆ ಊರಿನಲ್ಲಿ ಫೋನ್ ಹಿಡಿದು ಕೂತ ಅಪ್ಪ ನೆಮ್ಮದಿಯಾಗಿ ಊಟಕ್ಕೆ ಏಳುತ್ತಾರೆ.